ಗುಲ್ನಾರಳ ಬಲಗಾಲು

ಮಾಲೂರು
೧೨ ಜೂನ್ ೨೦೨೫, ಗುರುವಾರ

ಉಸ್ತಾದ್ ರಹಮತ್ತುಲ್ಲಾ ಅವರಿಗೆ, ನಿಮ್ಮ ರಜನಿಯ ಸಲಾಂ.

'ನಿಮ್ಮ' ಎಂದು ಬರೆದದ್ದಕ್ಕೆ ಸಿಟ್ಟಾಗಬೇಡಿ. ಹೊಡೆದು ಹಾಕಿ ಮತ್ತೆ ಬರೆದೆ, ಮತ್ತೆ ಅದೇ ಬಂತು. ಈ ಕಾಗದವನ್ನು ನಿಮಗೆ ಓದಿ ಹೇಳುವವಳು ನಿಮ್ಮ ಸೊಸೆ ತರನ್ನುಮ್ ಎಂದು ನನಗೆ ಗೊತ್ತು. ತರನ್ನುಮ್, ಮಾವ ಹರಿದು ಒಲೆಗೆ ಹಾಕು ಅಂದರೂ ಹಾಕಬೇಡ ಕಣೇ. ಎದ್ದು ಹೋದರೆ ಹಿಂದೆಯೇ ಹೋಗಿ ಓದು. ಲಾಯಕ್ಕೆ ಹೋದರೆ ಲಾಯದಲ್ಲೇ ನಿಂತು ಓದು. ಮೂರು ದಿನದಲ್ಲಿ ಇಪ್ಪತ್ತೆರಡು ಸಲ ಫೋನ್ ಮಾಡಿದ್ದೇನೆ, ಒಂದು ಸಲವೂ ಎತ್ತಲಿಲ್ಲ ಅವರು.

ಉಸ್ತಾದ್, ಗುಲ್ನಾರ್ ನಿಲ್ಲುತ್ತಿಲ್ಲ. ಸೋಮವಾರ ಬೆಳಿಗ್ಗೆ ಹುರುಳಿ ಬೇಯಿಸಿಕೊಂಡು ಲಾಯಕ್ಕೆ ಹೋದರೆ ಮಲಗಿದ್ದಳು. ಮಲಗಿದ್ದಾಳಲ್ಲ ಸೋಮಾರಿ ಎಂದು ಬೈದೆ. ಏಳಲು ನೋಡಿದಳು, ಮುಂಗಾಲು ಎರಡನ್ನೂ ಊರಿದಳು, ಹಾಗೇ ಕುಸಿದಳು. ನಾಲ್ಕು ಜನ ಸೇರಿ ಎಬ್ಬಿಸಿದರೆ ಐದು ನಿಮಿಷ ನಿಲ್ಲುತ್ತಾಳೆ, ಮೈಯೆಲ್ಲ ಬೆವರಿ ಮತ್ತೆ ಮಲಗುತ್ತಾಳೆ. ಡಾಕ್ಟರ್ ಬಂದು ನೋಡಿದರು. ಒಂದು ಕಾಲಾಗಿದ್ದರೆ ಇನ್ನೊಂದರ ಮೇಲೆ ನಿಂತು ವಾಸಿ ಮಾಡಿಕೊಳ್ಳುತ್ತಿತ್ತಮ್ಮಾ, ಎರಡೂ ಹೋದ್ರೆ ಯಾವುದರ ಮೇಲೆ ನಿಲ್ಲತ್ತೆ ಅಂದರು. ಶನಿವಾರ ಮತ್ತೆ ಬರುತ್ತಾರೆ. ಅಷ್ಟರೊಳಗೆ ಅವಳು ತಾನಾಗಿ ನಿಲ್ಲದಿದ್ದರೆ ಸೂಜಿ ಚುಚ್ಚಿ ಮತ್ತೆ ಏಳದ ಹಾಗೆ ಮಲಗಿಸಿಬಿಡುವುದು. ಯಜಮಾನರು ಅಮರನಾಥ್ ಕಾಗದಕ್ಕೆ ಸಹಿ ಹಾಕಿಯೂ ಆಗಿದೆ. ನಾಡಿದ್ದು, ಉಸ್ತಾದ್. ನಾಡಿದ್ದು.

ಗೌನಿಪಲ್ಲಿಯ ಜಟಕಾ ಕುದುರೆ ನೆನಪಿದೆಯಾ ನಿಮಗೆ? ಅದರ ಗೊರಸು ಕೊಳೆತು, ಊರೆಲ್ಲ ಅದನ್ನು ಕೈಬಿಟ್ಟಾಗ ನೀವು ನಿಮ್ಮ ಯಲ್ದೂರಿನ ಕೆರೆಗೆ ಹೊಡೆದುಕೊಂಡು ಹೋಗಿ ಮೆತ್ತನೆಯ ಗೋಡುಮಣ್ಣಿನಲ್ಲಿ ನಿಲ್ಲಿಸಿದಿರಿ. ಹೊಟ್ಟೆಯ ಕೆಳಗೆ ಗೋಣಿತಾಟು ಕಟ್ಟಿ, ಬೆಳಿಗ್ಗೆಯಿಂದ ಸಂಜೆವರೆಗೆ, ನಲವತ್ತು ದಿನ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಜನ ನಕ್ಕರು. ನಲವತ್ತೊಂದನೆಯ ದಿನ ಅದು ಕೆರೆ ಏರಿಯ ಮೇಲೆ ತಾನೇ ನಡೆದುಕೊಂಡು ಬಂತು. ಕಣ್ಣಾರೆ ನೋಡಿದವಳು ನಾನು, ಅದಕ್ಕೇ ಕೇಳುತ್ತಿದ್ದೇನೆ. ಈ ಕೆಲಸ ಗೊತ್ತಿರುವ ಇನ್ನೊಬ್ಬರು ಈ ಜಿಲ್ಲೆಯಲ್ಲಿ ಇಲ್ಲ.

ನಾನು ಯಾವ ಮುಖ ಇಟ್ಟುಕೊಂಡು ಕೇಳಲಿ? ನಮ್ಮಪ್ಪ ಗಂಗುಲಪ್ಪ ನಿಮ್ಮ ಪಕ್ಕದ ಮಾವಿನ ತೋಪು ಕಾಯುತ್ತಿದ್ದ. ನಾನು ಹನ್ನೊಂದು ವರ್ಷದವಳು, ಕಾಂಪೌಂಡಿನ ಮೇಲೆ ಕೂತು ನಿಮ್ಮ ಕುದುರೆ ನೋಡುತ್ತಿದ್ದೆ. ಹೆಣ್ಣುಹುಡುಗೀನ ಕುದುರೆ ಮೇಲೆ ಕೂರಿಸ್ತೀರಾ ಸಾಬ್ರೇ ಎಂದು ಯಾರೋ ಕೇಳಿದ್ದಕ್ಕೆ, ಮೇಲೆ ಕೂತಿರೋದು ಹೆಣ್ಣೋ ಗಂಡೋ ಕುದುರೆಗೇನು ಗೊತ್ತಾಗತ್ತೆ, ಅದಕ್ಕೆ ಭಾರ ಒಂದೇ ಗೊತ್ತಾಗೋದು ಅಂದಿರಿ. ಜೀನಿನ ಮೇಲೆ ಹಿಂದಕ್ಕೆ ಸರಿದು, ಬೆನ್ನು ನೆಟ್ಟಗೆ, ಕೈ ಎತ್ತರಕ್ಕೆ ಹಿಡಿದು ಕೂರುವುದನ್ನು ಎರಡು ವರ್ಷ ಕಲಿಸಿದಿರಿ. ಶೋ ಕುದುರೆಗೆ ಸವಾರ ಒಂದು ಒಡವೆ ಅಷ್ಟೇ, ಒಡವೆ ಕುಣಿಯಬಾರದು ಎನ್ನುತ್ತಿದ್ದಿರಿ. ಆಮೇಲೆ ಹಾಲಿನ ಲೋಟ. ನಿಮ್ಮ ಮನೆಯ ಅಖ್ತರ್ ಬಾನು ಅಮ್ಮ ಅಂಚಿನವರೆಗೆ ಹಾಲು ತುಂಬಿ ನನ್ನ ಬಲಗೈಗೆ ಕೊಡುತ್ತಿದ್ದರು. ಕುದುರೆ ಮಂಡಿ ಎತ್ತಿ ಎತ್ತಿ ತೋಪಿನ ಸುತ್ತ ನಡೆದು ಬರಬೇಕು, ಹನಿ ಚೆಲ್ಲಬಾರದು. ಚೆಲ್ಲದ ದಿನ ಹಾಲು ನನಗೆ, ಚೆಲ್ಲಿದ ದಿನ ಕುದುರೆಗೆ. ಮೊದಲ ವರ್ಷ ನಿಮ್ಮ ಕುದುರೆಗಳೇ ದಪ್ಪಗಾದವು.

ಗುಲ್ನಾರ್ ಹುಟ್ಟಿದಾಗ ಅವಳ ಮೈಯನ್ನು ನಿಮ್ಮ ಲುಂಗಿಯಿಂದಲೇ ಒರೆಸಿದಿರಿ. ಅವಳನ್ನು ಅಮರನಾಥ್ ಅವರಿಗೆ ಕೊಡಿ, ನಾನೇ ಜೊತೆಗೆ ಹೋಗಿ ನೋಡಿಕೊಳ್ಳುತ್ತೇನೆ ಎಂದು ದುಂಬಾಲು ಬಿದ್ದವಳೂ ನಾನೇ. ಅವತ್ತು ಅವಳ ಹಣೆಯ ಮೇಲೆ ನನ್ನ ಕೈ ಇಡಿಸಿ, ಈ ಕಾಲಿಗೆ ಸರಪಣಿ ಹಾಕಲ್ಲ, ಸೀಸ ಕಟ್ಟಿಸಲ್ಲ ಎಂದು ಆಣೆ ಮಾಡಿಸಿದಿರಿ. ಮಾಡಿದೆ. ಕಣ್ಣಲ್ಲಿ ನೀರು ತಂದುಕೊಂಡೇ ಮಾಡಿದೆ.

ಬೆಂಗಳೂರಿನ ಶೋಗಳಿಗೆ ಹೋದ ಮೇಲೆ ಬೇರೆಯವರ ಕುದುರೆ ನೋಡಿದೆವು. ಮಂಡಿ ಎದೆಗೆ ಬಡಿಯುವಷ್ಟು ಎತ್ತುತ್ತಿದ್ದವು, ಜನ ಶಿಳ್ಳೆ ಹೊಡೆಯುತ್ತಿದ್ದರು. ನಮ್ಮವಳದು ನೀವು ಕಲಿಸಿದ ಸಮನಡೆ, ಅದಕ್ಕೆ ಶಿಳ್ಳೆ ಬೀಳುತ್ತಿರಲಿಲ್ಲ. ನಮ್ಮದ್ಯಾಕೆ ರಜನಿ ಅಷ್ಟೆತ್ತರ ಎತ್ತಲ್ಲ ಎಂದು ಯಜಮಾನರು ಕೇಳಿದರು. ಲಾಳ ಹೊಡೆಯುವ ಆಂಜಿ, ಲಾಳದ ಕೆಳಗೆ ಒಂದು ಸೀಸದ ತಗಡು ಕೊಟ್ಟರೆ ಸಾಕಕ್ಕಾ, ಭಾರಕ್ಕೆ ತಾನೇ ಎತ್ತಿ ಎತ್ತಿ ಹಾಕತ್ತೆ ಅಂದ. ನಾನು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ, ಸುಮ್ಮನೆ ಗುಲ್ನಾರಳ ಜುಟ್ಟು ಬಾಚುತ್ತಾ ನಿಂತಿದ್ದೆ.

ಜನವರಿಯಲ್ಲಿ ನೀವು ಬಂದಿರಲ್ಲ, ಅವಳು ಹತ್ತು ಹೆಜ್ಜೆ ನಡೆದದ್ದನ್ನು ನೋಡಿ, ಕಾಲು ಎತ್ತಿ ಕೂಡ ನೋಡದೆ, ಸೀಸ ಇದೆ ಅಂದಿರಿ. ಸೀಸ ಕಟ್ಟಿದ ಕೈ ನನ್ನ ಗೇಟು ಮುಟ್ಟೋದು ಬೇಡ ಎಂದು ಹೇಳಿ, ಕೊಟ್ಟ ಚಹಾ ಹಾಗೇ ಇಟ್ಟು ಬಸ್ ಹತ್ತಿದಿರಿ. ನಿಜ ಹೇಳುತ್ತೇನೆ, ನನಗೆ ಅವತ್ತು ಸಿಟ್ಟು ಬಂತು. ಮುದುಕನಿಗೆ ಹೊಟ್ಟೆಕಿಚ್ಚು ಎಂದು ಆಂಜಿಯ ಹತ್ತಿರ ಹೇಳಿದೆ. ಫೆಬ್ರವರಿಯಲ್ಲಿ ಕಪ್ ಬಂತು. ಪೇಪರಿನಲ್ಲಿ ಫೋಟೋ ಬಂತು. ಅದನ್ನು ಕತ್ತರಿಸಿ ನಿಮಗೆ ಕಳಿಸಬೇಕು ಎಂದು ಕವರ್ ಕೂಡ ತಂದಿದ್ದೆ. ಎಂಥ ಹಾಳು ಬುದ್ಧಿ ನನ್ನದು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ನನಗೆ ಕೆಟ್ಟ ಮೇಲೂ ಬರಲಿಲ್ಲ. ಮೇ ತಿಂಗಳಲ್ಲಿ ಎಡಗಾಲಿನ ಗೊರಸು ಬಿಸಿಯಾಗಿತ್ತು. ನೀರು ಹಾಕಿದೆ, ಬೇವಿನ ಸೊಪ್ಪು ಕಟ್ಟಿದೆ, ಸರಿಹೋಗುತ್ತದೆ ಅಂದುಕೊಂಡೆ. ಆಮೇಲೆ ಬಲಗಾಲೂ ಹೋಯಿತು. ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿದ್ದರೆ ಇನ್ನೊಂದೂ ಕೆಡುತ್ತದಂತೆ, ಡಾಕ್ಟರ್ ಹಾಗೇ ಅಂದರು. ಹಾಗೇ ಇರಬೇಕು. ಕಳೆದ ಭಾನುವಾರದ ಶೋನಲ್ಲಿ ನೆಟ್ಟಗೇ ನಡೆದಳು, ಮೂರನೆಯ ಬಹುಮಾನವೂ ಬಂತು. ಮಾರನೆಯ ಬೆಳಿಗ್ಗೆ ಹೀಗೆ.

ಈಗ ಲಾಳ, ಸೀಸ ಎಲ್ಲ ಕಿತ್ತು ಹಾಕಿದ್ದೇವೆ. ಮರಳಿನ ಮೇಲೆ ಮಲಗಿಸಿದ್ದೇನೆ. ಅವಳು ಹುಲ್ಲು ಮುಟ್ಟುತ್ತಿಲ್ಲ. ನಿಮ್ಮ ಹಾಗೆ 'ಮೆಲ್ಲಗಾ ಬಿಡ್ಡಾ, ಮೆಲ್ಲಗಾ' ಎಂದು ತೆಲುಗಿನಲ್ಲಿ ಹೇಳಿದರೆ ಮಾತ್ರ ಕಿವಿ ಎತ್ತುತ್ತಾಳೆ. ನನ್ನ ಮುಖ ನೋಡಿ ಮತ್ತೆ ಇಳಿಸುತ್ತಾಳೆ. ಅವಳು ಹುಡುಕುತ್ತಿರುವುದು ನನ್ನನ್ನಲ್ಲ, ಉಸ್ತಾದ್.

ಶನಿವಾರದವರೆಗೆ ಎಲ್ಲಿಗಾದರೂ ತಗೊಂಡ್ಹೋಗು, ಉಳಿಸ್ಕೊಂಡ್ರೆ ನಿಂದೇ ಎಂದು ಯಜಮಾನರು ಹೇಳಿದ್ದಾರೆ. ನನಗೆ ಬೈಯಿರಿ. ಎರಡು ಬಾರಿಸಿ. ಈ ಜನ್ಮಕ್ಕೆ ಮಾತಾಡಿಸಬೇಡಿ. ಅವಳನ್ನು ಮಾತ್ರ ನಿಮ್ಮ ಕೆರೆಗೆ ಇಳಿಸಿಕೊಳ್ಳಿ. ಕೈ ಮುಗಿದು ಕೇಳುತ್ತೇನೆ, ಕಾಲು ಹಿಡಿದು ಕೇಳುತ್ತೇನೆ, ಒಂದು ಮಾತು, ತಗೊಂಡು ಬಾ ಎಂಬ ಒಂದು ಮಾತು ಹೇಳಿ ಕಳಿಸಿ.

ಶಿಷ್ಯೆ ಎಂದು ಬರೆದುಕೊಳ್ಳಲು ಕೈ ಬಾರದ,
ರಜನಿ

ತಾ.ಕ.: ಶುಕ್ರವಾರ, ಬೆಳಿಗ್ಗೆ ಒಂಬತ್ತು. ಕಾಗದವನ್ನು ಅಂಚೆಗೆ ಹಾಕಲಿಲ್ಲ. ಅದು ತಲುಪುವುದರೊಳಗೆ ಶನಿವಾರ ಮುಗಿದಿರುತ್ತದೆ. ನನ್ನ ತಮ್ಮ ಕದಿರೇಶ್ ಮಾವಿನಕಾಯಿ ಸಾಗಿಸುವ ಗಾಡಿಗೆ ಮರಳು ತುಂಬಿಸಿಕೊಂಡು ಬಂದ, ಎಂಟು ಜನ ಟಾರ್ಪಾಲಿನಲ್ಲಿ ಅವಳನ್ನು ಎತ್ತಿ ಮಲಗಿಸಿದರು. ನಾವು ಈಗ ನಿಮ್ಮ ಗೇಟಿನ ಎದುರು ಹುಣಸೇಮರದ ಕೆಳಗೆ ಇದ್ದೇವೆ. ಗೇಟು ಮುಟ್ಟಿಲ್ಲ. ತರನ್ನುಮ್ ನೀರಿಗೆ ಬಂದಾಗ ಅವಳ ಕೈಗೆ ಇದನ್ನು ಕೊಡುತ್ತೇನೆ.

ನೀವು ಅವಳ ಕಾಲು ಎತ್ತಿ ನೋಡೇ ನೋಡುತ್ತೀರಿ. ಎಡಗಾಲು ನೋಡಿ, ಬಲಗಾಲು ನೋಡಿ, ಇದೇನಿದು ಎಂದು ಕೇಳುತ್ತೀರಿ. ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಶೋಗೆ ಐದು ದಿನ ಇದ್ದಾಗ ಅವಳು ಎಡಗಾಲು ಕುಂಟುತ್ತಿದ್ದಳು. ಆ ಕಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ ಹಾರುತ್ತಿತ್ತು, ದೂರದಿಂದಲೇ ಯಾರಿಗಾದರೂ ಕಾಣುವ ಹಾಗೆ. ಒಂದು ಕಾಲು ನೊಂದರೆ ತಲೆ ಹಾರುತ್ತೆ, ಎರಡೂ ನೊಂದರೆ ಹಾರಲ್ಲ, ಸಂತೆಯಲ್ಲಿ ಕುದುರೆ ಕೊಳ್ಳುವಾಗ ಹುಷಾರು ಎಂದು ನನಗೆ ಹೇಳಿಕೊಟ್ಟವರು ನೀವೇ. ನಾನು ಮೋಸಹೋಗಬಾರದು ಎಂದು ಹೇಳಿಕೊಟ್ಟಿರಿ. ಆಂಜಿಯನ್ನು ಚಹಾ ತರಲು ಕಳಿಸಿ, ನಾನೇ ಸುತ್ತಿಗೆ ಹಿಡಿದು, ಚೆನ್ನಾಗಿದ್ದ ಬಲಗಾಲಿನ ಲಾಳಕ್ಕೆ ಒಂದು ಮೊಳೆಯನ್ನು ಅರ್ಧ ಬೆರಳು ಒಳಗೆ, ಮಾಂಸಕ್ಕೆ ತಾಗುವಂತೆ ಹೊಡೆದೆ. ಯಜಮಾನರಿಗೆ ಗೊತ್ತಿಲ್ಲ. ಆಂಜಿಗೂ ಗೊತ್ತಿಲ್ಲ. ಭಾರ ಬಿದ್ದು ಬಲಗಾಲು ಕೆಟ್ಟಿತು ಎಂದು ಡಾಕ್ಟರ್ ಅಂದರು ಅಂತ ಮೇಲೆ ಬರೆದದ್ದು ಸುಳ್ಳು. ಭಾನುವಾರ ತಲೆ ಹಾರಲಿಲ್ಲ. ಶೋನಲ್ಲೂ ನನ್ನ ಕೈಯಲ್ಲಿ ಹಾಲಿನ ಲೋಟ ಇತ್ತು, ಒಂದು ಹನಿಯೂ ಚೆಲ್ಲಲಿಲ್ಲ ಉಸ್ತಾದ್. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಹಾಲನ್ನು ನಾನೇ ಕುಡಿದೆ.

ತರನ್ನುಮ್, ಇದನ್ನೂ ಓದು. ನನ್ನ ಮೇಲೆ ಕನಿಕರಪಟ್ಟು ನುಂಗಿಬಿಡಬೇಡ. ಒಳಗಿನಿಂದ ಅವರ ಕೆಮ್ಮು ಕೇಳಿಸಿ ಗುಲ್ನಾರ್ ಮಲಗಿದಲ್ಲೇ ಕತ್ತು ಎತ್ತಿದ್ದಾಳೆ. ಗೇಟು ಅವಳಿಗೆ ತೆಗೆಯಿರಿ, ನಾನು ಈಚೆಗೇ ಇರುತ್ತೇನೆ.