ಹಂಚು ಎರಡು, ಅಡುಗೆಯವರು ಒಂದು

ಮುಂಡರಗಿ
೧೧ ನವೆಂಬರ್ ೨೦೨೫, ಮಂಗಳವಾರ

ಮಾಯಾ,

ನೀನೂ ನಿನ್ನ ಅತ್ತೆಯೂ ಕೂಡಿ ನನ್ನ ಅವ್ವನಿಗೆ ಮೋಸ ಮಾಡಿದ್ದೀರಿ. ಪ್ರವಾಸಕ್ಕೆ ಬಾ ಎಂದು ಕರೆದು, ಅವಳನ್ನು ಸಾಮಾನಿನ ಪಟ್ಟಿಯಲ್ಲಿ ಸೇರಿಸಿದ್ದೀರಿ. ಮೊದಲು ಇದನ್ನು ಬರೆದುಬಿಡುತ್ತೇನೆ. ಕ್ಷೇಮಸಮಾಚಾರ ಆಮೇಲೆ, ಜಾಗ ಉಳಿದರೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಕೂಗುತ್ತೇನೆ, ನೀನು 'ಅತ್ತಿ ಕರ್ಯಾಕತ್ತಾರ' ಎಂದು ಕಟ್ ಮಾಡುತ್ತೀ. ಪತ್ರವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ. ಅದಕ್ಕೇ ಇದನ್ನು ಅವ್ವ ದುಡ್ಡಿಗೆ ಬಡಿದು ವಾರವಾರವೂ ನಿಮ್ಮ ಮನೆಗೆ ಕಳಿಸುವ ರೊಟ್ಟಿ ಗಂಟಿನೊಳಗೆ ಇಟ್ಟು, ಲಕ್ಷ್ಮೇಶ್ವರದ ಬಸ್ಸಿನ ಕಂಡಕ್ಟರರ ಕೈಗೆ ಕೊಡುತ್ತಿದ್ದೇನೆ. ಗಂಟು ಬಿಚ್ಚುವವಳು ನೀನೇ ಎಂದು ನನಗೆ ಗೊತ್ತು. ಹೌದು, ಇಷ್ಟಾದ ಮೇಲೂ ಅವ್ವ ರೊಟ್ಟಿ ಕಳಿಸುತ್ತಿದ್ದಾಳೆ. ಬೇಡ ಎಂದೆ. 'ಒಪ್ಪಿಕೊಂಡ ರೊಟ್ಟಿ ಹೋಗಬೇಕು' ಎಂದಳು. ನನಗೆ ಹೇಳಿದ್ದಲ್ಲ, ಹಂಚಿಗೆ ಹೇಳಿದ್ದು. ಗುರುವಾರದಿಂದ ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಹೇಳಬೇಕಾದದ್ದನ್ನೆಲ್ಲ ಒಲೆಯ ಮೇಲಿನ ಹಂಚಿಗೆ ಹೇಳುತ್ತಾಳೆ, ನಾನು ಪಕ್ಕದಲ್ಲಿ ಕೂತು ಕೇಳಬೇಕು. ಯಾಕೆ ಎನ್ನುವುದು ಮುಂದೆ ಬರುತ್ತದೆ. ಅದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯುತ್ತೇನೆ.

ದಸರೆಯಲ್ಲಿ ನಿನ್ನ ಅತ್ತೆ ಸುಮಿತ್ರವ್ವನವರು ನಮ್ಮ ಮನೆಗೆ ಬಂದಾಗ ಏನು ಹೇಳಿದರು, ನೆನಪಿದೆಯೇ? ನೀನೂ ಇದ್ದೆ. 'ಸಾವಂತ್ರೆವ್ವಾ, ನಾವು ಹೆಣ್ಮಕ್ಕಳಷ್ಟೇ ಕೂಡಿ ಜೈಸಲ್ಮೇರಕ್ಕ ಹೊಂಟೇವಿ. ಉಸುಕಿನ ಗುಡ್ಡದ ನಡುವ ಡೇರೆ ಹಾಕಿರ್ತಾರಂತ, ಅಲ್ಲೇ ನಾಕು ದಿನ. ನೀನೂ ನಡಿ. ಬರೇ ಈ ಒಲಿ ಮುಂದ ಕುಂತು ಸಾಯ್ತಿಯೇನು?' ಎಂದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮರುದಿನ ಓಣಿಗೆಲ್ಲ ಗೊತ್ತಾಗಿತ್ತು. ನನ್ನ ಹಳೆಯ ಕಾಲೇಜು ಚೀಲವನ್ನು ಎರಡು ಸಲ ಒಗೆದು ಒಣಗಿಸಿದಳು. ಪಕ್ಕದ ಮನೆಯ ಶಂಕ್ರೆವ್ವ, 'ಅಲ್ಲೆ ಒಂಟಿ ಹಾಲಿನ ಚಾ ಕೊಡ್ತಾರಂತ, ನಿನಗ ಸೇರ್ತೈತೇನ?' ಎಂದು ಕಾಡಿದರೆ, 'ಸೇರಲಿಲ್ಲಂದ್ರ ನಿನಗೊಂದು ಬಾಟ್ಲಿ ತುಂಬಿಸಿಕೊಂಡು ಬರ್ತೀನಿ ಬಿಡು' ಎನ್ನುತ್ತಿದ್ದಳು. ಅವ್ವನಿಗೆ ತಮಾಷೆ ಮಾಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಕಳೆದ ಗುರುವಾರ ಕರಪತ್ರ ಅಚ್ಚು ಹಾಕಿಸಲು ಗದಗಿಗೆ ಹೋಗುವವಳಿದ್ದೆ. ಅವ್ವ ತನ್ನ ಆಧಾರ್ ಝೆರಾಕ್ಸನ್ನು ಕೊಟ್ಟು, ನಿಮ್ಮ ಪ್ರವಾಸದ ಏಜೆಂಟ್ ಮೌನೇಶನ ಅಂಗಡಿಗೆ ಮುಟ್ಟಿಸು ಎಂದಳು. ಕೊಟ್ಟೆ. ಮೌನೇಶ ಅದರ ಮೇಲಿನ ಮುಂಡರಗಿಯ ವಿಳಾಸ ನೋಡಿ, 'ತಂಗಿ, ಇದು ಪ್ರವಾಸಕ್ಕ ಬರೋರ ಪಟ್ಟಿಗೆ ಬರೂದಿಲ್ಲ. ಅಡಗಿಯವರದು ಕೆಳಗ ಸಾಮಾನಿನ ಪಟ್ಟಿಯಾಗ ಐತಿ ನೋಡ್ರಿ' ಎಂದ. ಅವನದು ತಪ್ಪಲ್ಲ. ಅವನಿಗೆ ಯಾವ ಹಾಳೆ ಕೊಟ್ಟಿದ್ದಾರೋ ಅದನ್ನೇ ತೋರಿಸಿದ. ಮೇಲೆ ಎಂಟು ಹೆಸರು. ಡೇರೆ ನಾಲ್ಕು, ಇಬ್ಬಿಬ್ಬರಿಗೆ ಒಂದು. ಒಂಟೆ ಸವಾರಿ, ಎಂಟು ಜನ. ಕೆಳಗೆ ಗೆರೆ ಎಳೆದು ಸಾಮಾನು: ಜೋಳದ ಹಿಟ್ಟು, ಹಂಚು ಎರಡು, ಅಡುಗೆಯವರು ಒಂದು, ಶೇಂಗಾ ಚಟ್ನಿ, ಕೆಂಪು ಖಾರ.

ಹಂಚಿಗೂ ಚಟ್ನಿಗೂ ನಡುವೆ ನನ್ನ ಅವ್ವ! ಹೆಸರೂ ಇಲ್ಲ. ಮಲಗುವ ಜಾಗ ಕೇಳಿದೆ. 'ಅಡಗಿ ಡೇರೆದಾಗ ಗ್ಯಾಸ್ ಸಿಲಿಂಡರ್ ಬಾಜೂಕ ಜಾಗ ಅದರೀ' ಎಂದ.

ಆ ಅಕ್ಷರ ನಿನ್ನದು, ಮಾಯಾ. ನಿನ್ನ ಕೈಬರಹ ನನಗೆ ಗೊತ್ತಿಲ್ಲವೇ? ಕಾಲೇಜಿನಲ್ಲಿ ನಾವಿಬ್ಬರೂ ಸಭೆಗಳ ಹೊರಗೆ ಮೇಜಿನ ಮೇಲೆ ಹರವಿಟ್ಟ ಕಿರುಹೊತ್ತಿಗೆಗಳನ್ನು ತಂದು ಓದುತ್ತಿದ್ದೆವು. ಓದಿ ಮುಗಿಸುವಷ್ಟರಲ್ಲಿ ಬೆರಳಿಗೆ ಮಸಿ ಅಂಟುತ್ತಿತ್ತು. ಒಂದರಲ್ಲಿ, 'ಯಾರ ದುಡಿಮೆಯಿಂದ ನಮ್ಮ ಹೊಟ್ಟೆ ತುಂಬುತ್ತದೆಯೋ ಅವರ ಹೆಸರು ನಮಗೆ ಗೊತ್ತಿರಬೇಕು' ಎಂಬ ಸಾಲಿಗೆ ಕೆಂಪು ಪೆನ್ನಿನಿಂದ ಗೆರೆ ಎಳೆದು, ಬದಿಯಲ್ಲಿ 'ನೂರಕ್ಕೆ ನೂರು' ಎಂದು ಬರೆದವಳು ನೀನು. ಅದು ಇನ್ನೂ ನನ್ನ ಹತ್ತಿರ ಇದೆ. ಎರಡು ವರ್ಷ ನನ್ನ ಡಬ್ಬಿಯಿಂದ ಅವ್ವನ ರೊಟ್ಟಿ ಎಣಗಾಯಿ ತಿಂದವಳೂ ನೀನೇ. ಅವಳ ಹೆಸರು ನಿನಗೆ ಗೊತ್ತು. ಗೊತ್ತಿದ್ದೂ ಬರೆಯಲಿಲ್ಲ. ಗೊತ್ತಿಲ್ಲದೆ ತಪ್ಪು ಮಾಡಿದವರ ಮೇಲೆ ನನಗೆ ಇಷ್ಟು ಸಿಟ್ಟು ಬರುವುದಿಲ್ಲ.

ಮುಂದಿನದನ್ನು ನೀನೇ ಕಣ್ಣಾರೆ ನೋಡಿದೆ. ಗದಗಿನಿಂದ ನೇರವಾಗಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಸುಮಿತ್ರವ್ವನವರು ಎಷ್ಟು ಪ್ರೀತಿಯಿಂದ ಮಾತಾಡಿದರು! 'ಬಾ ನೀಲಾ, ಕುಂಡ್ರು, ಚಾ ಕುಡಿ. ನಿಮ್ಮವ್ವ ನಮಗ ಬ್ಯಾರೇನವ್ವಾ? ಮನಿ ಮಂದಿ ಇದ್ದಂಗ.'

'ಮನಿ ಮಂದಿ ಅಂದ್ರ ಒಂಟಿ ಮ್ಯಾಲೆ ಜಾಗ ಯಾಕಿಲ್ರಿ?' ಎಂದು ಕೇಳಿದೆ.

'ಅಯ್ಯ, ಆಕಿ ಒಂಟಿ ಮ್ಯಾಲೆ ಕುಂತ್ರ ರೊಟ್ಟಿ ಬಡಿಯಾಕ ಒಂಟಿ ಬರ್ತೈತೇನು?'

ನಿಮ್ಮ ಪಡಸಾಲೆಯಲ್ಲಿ ಕೂತವರೆಲ್ಲ ನಕ್ಕರು. ನೀನು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ನಗಲಿಲ್ಲ, ಅದನ್ನು ಗಮನಿಸಿದೆ. ಆದರೆ ಬಾಯಿಯನ್ನೂ ಬಿಡಲಿಲ್ಲ. ಆಗ ನಾನು ಹೇಳಿದ್ದೆಲ್ಲ ನಿನಗೆ ನೆನಪಿರುತ್ತದೆ. ದುಡಿಯುವವರ ಮರ್ಯಾದೆಯ ಬಗ್ಗೆ ನನಗೆ ಬಾಯಿಪಾಠವಾದ ಸಾಲುಗಳನ್ನೆಲ್ಲ ಒಂದೂ ಬಿಡದೆ ಹೇಳಿ, ಕೊನೆಗೆ, 'ನಮ್ಮವ್ವ ಬರೂದಿಲ್ಲ, ನಿಮ್ಮ ರೊಟ್ಟಿ ನೀವಽ ಬಡಕೋರ್ರಿ' ಎಂದು ಎದ್ದು ಬಂದೆ. ಬಸ್ಸಿನಲ್ಲಿ ಶಿರಹಟ್ಟಿ ದಾಟುವವರೆಗೂ ಎದೆಯುಬ್ಬಿಸಿಕೊಂಡೇ ಕೂತಿದ್ದೆ.

ಮನೆಗೆ ಬಂದು ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳುತ್ತಾಳೆ, ಇಲ್ಲವೇ ನಿಮ್ಮನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು: 'ನಾ ಬರೂದಿಲ್ಲಂತ ನಿನಗ ಯಾರು ಹೇಳಿದ್ರು?'

ನಾನು ಮತ್ತೆ ಪಟ್ಟಿಯ ವಿಷಯ ತೆಗೆದೆ. 'ಅಡಗಿ ಮಾಡಾಕ ಕರದಾರ ಅಂತ ನನಗ ತಿಳಿಯೂದಿಲ್ಲೇನು? ಹಿಟ್ಟು ಎಷ್ಟು ಒಯ್ಯೂಣು ಅಂತ ಅವರಿಗೆ ಕೇಳಿದಾಕಿನಽ ನಾನು' ಎಂದಳು. ಅಷ್ಟೇ. ಅಲ್ಲಿಂದ ನನ್ನ ಪಾಲಿಗೆ ಅವಳ ಮಾತು ಮುಗಿಯಿತು. ಚೀಲವನ್ನು ಮಡಚಿ ಅಟ್ಟದ ಮೇಲೆ ಇಟ್ಟಳು.

ನಿನ್ನೆ ನಿನ್ನ ಮೆಸೇಜ್ ಬಂತು: ಸಾವಂತ್ರೆವ್ವ ಬರದಿದ್ದರೆ ಬೇರೆ ಯಾರನ್ನಾದರೂ ನೋಡಬೇಕು, ಜಲ್ದಿ ತಿಳಿಸು. ಅದನ್ನು ಅವ್ವನಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಬಡಿದದ್ದನ್ನು ಹಂಚಿನ ಮೇಲೆ ಹಾಕಿ, ಹಂಚಿಗೇ ಹೇಳತೊಡಗಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

'ನನ್ನ ತವರುಮನಿ ಹೊಳಿ ದಂಡಿ ಮ್ಯಾಗ. ಬ್ಯಾಸಗ್ಯಾಗ ಹೊಳಿ ಸಣ್ಣಾಗಿ ಒಂದು ಕಡೆ ಸರೀತಿತ್ತು, ಉಳದದ್ದೆಲ್ಲಾ ಉಸುಕು. ನಮ್ಮಪ್ಪ ಅದರಾಗ ಕಲ್ಲಂಗಡಿ ಹಚ್ಚಿದ್ದ. ಕೈಲೆ ತೋಡಿದ್ರ ಮೊಳದಾಗ ನೀರು, ಸಕ್ರಿಯಂಥಾ ನೀರು. ಮುಂಜಾನೆದ್ದು ಆ ಉಸುಕಿನ್ಯಾಗ ನಡದ್ರ ಕಾಲು ತಣ್ಣಗ ಒಳಗ ಹೋಗೂವು. ಲಗ್ನದ ಹಿಂದಿನ ದಿನಾನೂ ನಡದು ಬಂದಿದ್ದೆ. ಆಮ್ಯಾಲೆ ಲಾರಿ ಬಂದ್ವು, ಎಲ್ಲಾ ಹೇರಿಕೊಂಡು ಹೋದ್ವು. ಈಗ ಅಲ್ಲೆ ಬರೇ ಕಲ್ಲು, ಕೆಸರು. ಉಸುಕಿನ ಊರು ಅಂದಾಗ ನನಗ ಒಂಟಿ ಬೇಕಾಗಿತ್ತೇನು? ನಸುಕಿನ್ಯಾಗ ಅವರೆಲ್ಲಾ ಏಳೂದರೊಳಗ, ಒಲಿ ಹಚ್ಚೂಕಿಂತ ಮೊದಲ, ಒಂದು ಸುತ್ತು ಬರಿಗಾಲಲೆ ನಡದು ಬರ್ತಿದ್ದೆ. ಇಷ್ಟಽ ನೋಡು. ಇದನ್ನ ಯಾರ ಮುಂದ ಹೇಳಲಿ? ಕೇಳಿದ್ರ ಹೇಳತಿದ್ದೆ.'

ಕೇಳಿದ್ರ ಹೇಳತಿದ್ದೆ. ನಾನು ಕೇಳಿರಲಿಲ್ಲ, ಮಾಯಾ. ಹೊಳೆಯ ಉಸುಕು ಲೂಟಿಯಾಗುವುದರ ಬಗ್ಗೆ ನಾನು ಇದುವರೆಗೆ ನಾಲ್ಕು ಕರಪತ್ರ ಬರೆದಿದ್ದೇನೆ. ಎಷ್ಟು ಲಾರಿ, ಎಷ್ಟು ಅಗೆತ, ಎಷ್ಟು ಅಡಿ ಅಂತರ್ಜಲ, ಎಲ್ಲವೂ ಅದರಲ್ಲಿದೆ. ಆ ಉಸುಕಿನ ಮೇಲೆ ನಡೆದ ಒಬ್ಬರ ಕಾಲೂ ಇಲ್ಲ. ಗುರುವಾರ ನಿಮ್ಮ ಮನೆಯಲ್ಲಿ ಅವಳ ಪರವಾಗಿ ಅಷ್ಟು ಮಾತಾಡಿದೆ, ಅವಳನ್ನು ಒಂದು ಮಾತು ಕೇಳದೆ. ನಾನು ಮಾಡಿದ್ದು ತಪ್ಪು. ಬರೆದಿದ್ದೇನೆ, ನೀನು ಓದಿದ್ದೀ, ಆಯಿತು.

ಆದರೆ ಇದರಿಂದ ನಿಮ್ಮ ತಪ್ಪು ಕಡಿಮೆಯಾಯಿತು ಎಂದು ತಿಳಿಯಬೇಡ. ಅವಳಿಗೆ ಗೊತ್ತಿತ್ತು ಎಂಬುದನ್ನು ಕೇಳಿ ನನ್ನ ಸಿಟ್ಟು ಇನ್ನೂ ಏರಿದೆ. ಮೂವತ್ತು ವರ್ಷದ ಆಸೆ ಅದು. ಅದನ್ನು ಅವಳು ನಸುಕಿನಲ್ಲಿ, ಯಾರೂ ಏಳುವ ಮೊದಲು, ಕದ್ದು ತೀರಿಸಿಕೊಳ್ಳಬೇಕೇ? ಉಸುಕು ಯಾರಪ್ಪನ ಆಸ್ತಿ? ನಿಮ್ಮ ಎಂಟು ಜನ ಸಂಜೆ ಒಂಟೆ ಹತ್ತಿ ಫೋಟೊ ತೆಗೆಸಿಕೊಳ್ಳುವಾಗ ಇವಳು ಸಿಲಿಂಡರಿನ ಪಕ್ಕದಲ್ಲಿ ಹಿಟ್ಟು ನಾದುತ್ತಾ ಕೂರಬೇಕೇ? ನಾನು ಒಪ್ಪುವುದಿಲ್ಲ. ಅವ್ವನ ಮಾತು ಕೇಳಿದ ಮೇಲೂ ಒಪ್ಪುವುದಿಲ್ಲ.

ಇನ್ನು ನಿನ್ನ ಅತ್ತೆಯ ಒಂದೇ ಒಂದು ವಾದ: ರೊಟ್ಟಿ ಯಾರು ಬಡಿಯಬೇಕು? ನೀವೆಲ್ಲ ಇದೇ ನಾಡಿನವರೋ ಅಲ್ಲವೋ ಎಂದು ನನಗೆ ಅನುಮಾನ. ಶ್ರೀಶೈಲಕ್ಕೆ ನಡೆದು ಹೋಗುವವರು ಹಂಚು ಹೊತ್ತುಕೊಂಡು ಹೋಗುತ್ತಾರೆಯೇ? ಖಡಕ್ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಅದು ತಿಂಗಳಾದರೂ ಕೆಡುವುದಿಲ್ಲ. ಈಗ ಈ ಪತ್ರ ಬಂದಿರುವುದೂ ಅಂಥ ರೊಟ್ಟಿಗಳ ನಡುವೆಯೇ. ನಾಲ್ಕು ದಿನದ ಉಸುಕಿನ ಊರಿಗೆ, ಒಣ ಹವೆಗೆ, ಬುತ್ತಿ ಸಾಲದೇ? ಬಿಸಿರೊಟ್ಟಿಯೇ ಬೇಕು ಎನ್ನುವ ಒಂದು ಹಟಕ್ಕೆ ಒಬ್ಬ ಹೆಣ್ಣುಮಗಳನ್ನು ಸಾಮಾನು ಮಾಡಿದ್ದೀರಿ.

ಆದ್ದರಿಂದ ಹೀಗೆ ಮಾಡಬೇಕು. ಹಂಚು, ಹಿಟ್ಟು, ಸಿಲಿಂಡರು ಯಾವುದೂ ಹೋಗುವುದಿಲ್ಲ. ಒಂಬತ್ತು ಜನ ಹೋಗುತ್ತೀರಿ. ನೀನು ಹೊಸ ಹಾಳೆಯಲ್ಲಿ, ನಿನ್ನದೇ ಅಕ್ಷರದಲ್ಲಿ, ಒಂಬತ್ತನೆಯದಾಗಿ ಸಾವಂತ್ರೆವ್ವ ಎಂದು ಬರೆಯಬೇಕು. ಐದನೆಯ ಡೇರೆ ಹಾಕಿಸಬೇಕು, ಅದರಲ್ಲಿ ಅವಳ ಜೊತೆ ಮಲಗುವವಳು ನೀನು. ಬುತ್ತಿಯ ರೊಟ್ಟಿಯನ್ನು ಎಲ್ಲರೂ ನಮ್ಮ ಮನೆಗೆ ಬಂದು, ಕೂಡಿ ಬಡಿದು, ಒಣಗಿಸಿ, ಕಟ್ಟಿಕೊಂಡು ಹೋಗಬೇಕು. ಅವ್ವ ಕೂತು ಹೇಳಿಕೊಡುತ್ತಾಳೆ. ಇದನ್ನು ನಿನ್ನ ಅತ್ತೆಯ ಮುಂದೆ ಗಟ್ಟಿಯಾಗಿ ಓದು. ಈ ಸಲವೂ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತರೆ ನಮ್ಮಿಬ್ಬರ ನಡುವೆ ಮಾತು ಉಳಿಯುವುದಿಲ್ಲ.

ನೀನು ಓದುತ್ತೀ ಎಂದು ನಂಬಿದ್ದೇನೆ. ನಂಬದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಇನ್ನೂ ಸಿಟ್ಟಿನಲ್ಲೇ ಇರುವ ನಿನ್ನ ಗೆಳತಿ,
ನೀಲಾ

ತಾ.ಕ.: ಗಂಟು ಕಟ್ಟುವಾಗ ಅವ್ವ ಕಾಗದ ನೋಡಿ, 'ಏನಂತ ಅದು?' ಎಂದು ಹಂಚನ್ನು ಕೇಳಿದಳು. ಪೂರ್ತಿ ಓದಿ ಹೇಳಿದೆ. 'ಎಲ್ಲರೂ ಕೂಡಿ ಬಡಿದು' ಎನ್ನುವಲ್ಲಿಗೆ ಬಂದಾಗ ಅವಳು ತಿರುಗಿ, ಐದು ದಿನದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಕೇಳಿದಳು: 'ಎಲ್ಲಾರೂ ಅಂದ್ರ ನೀನೂ ಬಡೀತಿಯೇನವ್ವಾ?'

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಮಾಯಾ. ಇಪ್ಪತ್ಮೂರು ವರ್ಷದಲ್ಲಿ ಒಂದು ಸಲವೂ ಹಲಗೆಯ ಮುಂದೆ ಕೂತವಳಲ್ಲ. ಅವಳು ಬಡಿಯುವಾಗ ನಾನು ಪಕ್ಕದಲ್ಲಿ ಕೂತು ಕಿರುಹೊತ್ತಿಗೆ ಓದುತ್ತಿದ್ದೆ. ನೀನು ಬರೆದ ಪಟ್ಟಿ ನಮ್ಮ ಮನೆಯಲ್ಲೂ ಇತ್ತು, ಬರೆಯದೇ ಇತ್ತು, ಅಷ್ಟೇ. ಇವತ್ತು ಕೂತೆ. ಮೊದಲನೆಯದು ಅಂಗೈಯಲ್ಲೇ ಹರಿಯಿತು, ಎರಡನೆಯದು ಹಂಚಿನ ಮೇಲೆ. ಮೂರನೆಯದು ಈ ಗಂಟಿನಲ್ಲಿ ಎಲ್ಲಕ್ಕಿಂತ ಮೇಲಿದೆ. ದುಂಡಗಿಲ್ಲ, ನಗಬೇಡ. ಚೀಲ ಅಟ್ಟದಿಂದ ಕೆಳಗೆ ಬಂದಿದೆ. ಸುಮಿತ್ರವ್ವನವರಿಗೆ ಅವ್ವ ಹೇಳಿ ಕಳಿಸಿದ್ದು: 'ಬಂಗಾರದ ಬಳಿ ತಗದಿಟ್ಟು ಬರ್ರಿ ಅನ್ನು, ಹಿಟ್ಟು ಮೆತ್ತತೈತಿ.'

ಭಾನುವಾರ, ಹದಿನಾರನೇ ತಾರೀಖು, ಬೆಳಿಗ್ಗೆ ಎಂಟು ಗಂಟೆಗೆ, ನಮ್ಮ ಮನೆಯಲ್ಲಿ. ಒಲೆ ಹಚ್ಚುವವಳು ನಾನು.