ಒಂಬತ್ತನೇ ಕುಳಿಗೆ ನೀರು

ಮರಳೂರು, ತುಮಕೂರು
27 ಮಾರ್ಚ್ 2025, ಗುರುವಾರ

ರೂಪಶ್ರೀಯ ಅಪ್ಪನಿಗೆ ಸರ್ವಮಂಗಳಳ ಶರಣು.

ಊರು ಸೇರಿದೆನೆಂದು ಅವತ್ತೇ ಮೆಸೇಜು ಹಾಕಿದ್ದೆ. ನೀವು ‘ಸರಿ’ ಎಂದಿರಿ. ಆಮೇಲೆ ಎರಡು ಸಲ ಫೋನ್ ಮಾಡಿದೆ. ನಿಮ್ಮ ಕಡೆಯಿಂದ ಗಾಳಿಯ ಸದ್ದು ಬಿಟ್ಟು ಇನ್ನೇನೂ ಕೇಳಿಸಲಿಲ್ಲ. ನಾನು ಹೇಳಬೇಕಾಗಿರುವುದು ಕೂಗಿ ಹೇಳುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದು: ಕಾಲೇಜಿನವರ ಜೊತೆ ತಿರುಚೆಂದೂರಿಗೆ ಬಂದಿದ್ದೆ, ಹತ್ತಿರವೇ ಅಲ್ಲವೇ ಎಂದು ಹಾಗೇ ನೋಡಿಕೊಂಡು ಹೋಗಲು ಬಂದೆ ಎಂದು ನಿಮಗೆ ಹೇಳಿದ್ದು ಸುಳ್ಳು. ನನ್ನ ಜೊತೆ ಯಾರೂ ಇರಲಿಲ್ಲ. ಲೈಬ್ರರಿಗೆ ಐದು ದಿನ ರಜೆ ಹಾಕಿ, ತೂತ್ತುಕುಡಿ ರೈಲು ಹತ್ತಿ, ಎರಡು ಬಸ್ಸು ಬದಲಾಯಿಸಿ ನೇರ ನಿಮ್ಮಲ್ಲಿಗೇ ಬಂದೆ. ಬ್ಯಾಗಿನಲ್ಲಿ ವಕೀಲ ಅನಂತರಾಜು ಅವರು ಬರೆದುಕೊಟ್ಟ ಅರ್ಜಿ ಇತ್ತು. ಇಬ್ಬರೂ ಒಪ್ಪಿ ಬೇರೆಯಾಗುವ ಅರ್ಜಿ. ನನ್ನ ಸಹಿ ಆಗಿತ್ತು. ನಿಮ್ಮದು ಎಲ್ಲೆಲ್ಲಿ ಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಅದನ್ನು ಪೋಸ್ಟಿನಲ್ಲಿ ಕಳಿಸಬಹುದಿತ್ತು. ಆದರೆ ನಾಲ್ಕು ವರ್ಷ ನೀವು ಯಾವುದಕ್ಕಾಗಿ ಮನೆ ಬಿಟ್ಟು ಇದ್ದಿರಿ ಎಂಬುದನ್ನು ಕಣ್ಣಾರೆ ನೋಡಿ, ಆಮೇಲೆ ಮುಗಿಸೋಣ ಎನ್ನಿಸಿತು. ಅಲ್ಲಿ ಇನ್ನೊಬ್ಬಳು ಇರಬಹುದು ಎಂದೂ ಅಂದುಕೊಂಡಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಬಸ್ಸಿನವನು ನನ್ನನ್ನು ಉಪ್ಪಿನ ಪಾತಿಗಳ ಪಕ್ಕ ಇಳಿಸಿ ಹೋದಾಗ ಅಳು ಬರುವುದೊಂದು ಬಾಕಿ. ಒಂದು ಕಡೆ ಉಪ್ಪು, ಒಂದು ಕಡೆ ತಾಳೆಮರ, ಮುಂದೆ ಮರಳು. ಅನುವಾದದ ಕಾದಂಬರಿಗಳಲ್ಲಿ ‘ಮರಳುದಿಬ್ಬ’ ಎಂದು ಓದುವಾಗಲೆಲ್ಲ ನಾನು ಮನೆ ಕಟ್ಟುವವರು ಬೀದಿಯಲ್ಲಿ ಸುರಿಸಿಕೊಂಡ ಮರಳಿನ ಗುಡ್ಡೆಯನ್ನೇ ನೆನೆಸಿಕೊಂಡು ಮುಂದಕ್ಕೆ ಹೋಗುತ್ತಿದ್ದೆ. ಈ ದಿಬ್ಬಗಳು ಮನೆಯಷ್ಟು ಎತ್ತರ, ಬೆನ್ನ ಮೇಲೆ ಹುಲ್ಲು. ಅವುಗಳ ನಡುವೆ ಒಂದು ಸಣ್ಣ ಕೆಂಪು ಬಾವುಟ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಬುಡದಲ್ಲಿ ನೀವು ಮಂಡಿಯೂರಿ ಕೂತು, ಚಿಕ್ಕ ಕತ್ತರಿಯಲ್ಲಿ ಏನೋ ಕತ್ತರಿಸುತ್ತಿದ್ದಿರಿ. ತಲೆ ಎತ್ತಿ ನೋಡಿ, “ಊಟ ಆಯ್ತಾ?” ಎಂದಿರಿ. ನಾಲ್ಕು ವರ್ಷದ ಮೇಲೆ ಕೇಳಿದ ಮೊದಲ ಮಾತು ಅದು.

ಮಾರನೆಯ ದಿನ ನೀವು ನೋಡಿಕೊಳ್ಳುವ ಗಾಲ್ಫ್ ಮೈದಾನದ ಒಂಬತ್ತೂ ಕುಳಿಗಳನ್ನು ನಡೆಸಿಕೊಂಡು ಹೋಗಿ ತೋರಿಸಿದಿರಲ್ಲ, ಅವತ್ತು ಅನ್ನಿಸಿದ್ದನ್ನು ಈಗ ಹೇಳುತ್ತೇನೆ. ಗಾಲ್ಫ್ ಎಂದರೆ ಟಿ.ವಿ.ಯಲ್ಲಿ ಕಾಣುವ ಹಾಗೆ ಕೆರೆ, ಕಾರಂಜಿ, ಕಾರಿನಂಥ ಗಾಡಿ, ಬಿಲಿಯರ್ಡ್ಸ್ ಮೇಜಿನ ಬಟ್ಟೆ ಹಾಸಿದಂಥ ಹಸಿರು ಎಂದುಕೊಂಡಿದ್ದೆ. ನಿಮ್ಮದರಲ್ಲಿ ಇವು ಯಾವುವೂ ಇಲ್ಲ. ನೆಲವನ್ನು ಯಾರೂ ಮಾಡಿದಂತಿಲ್ಲ, ಗಾಳಿ ಬಿಟ್ಟುಹೋದ ಹಾಗೇ ಇದೆ. ಚೆಂಡನ್ನು ಮೇಲೆ ಹೊಡೆದರೆ ಸಮುದ್ರದ ಗಾಳಿ ಎತ್ತಿಕೊಂಡು ಹೋಗುತ್ತದೆ, ಅದಕ್ಕೇ ನೆಲದ ಮೇಲೆ ಉರುಳಿಸಿ ಆಡಬೇಕು, ಉರುಳಬೇಕಾದರೆ ನೆಲ ಗಟ್ಟಿಯಾಗಿ ಒಣಗಿರಬೇಕು ಎಂದು ವಿವರಿಸಿದಿರಿ. ದಿಬ್ಬಗಳ ಮೇಲಿನ ಹುಲ್ಲನ್ನು ನಿಮ್ಮ ಜೊತೆ ಕೆಲಸ ಮಾಡುವ ಆರೋಗ್ಯಂ ಅವರ ಮೇಕೆಗಳು ಮೇಯುತ್ತವೆ. ಆಟ ಆಡಲು ಬಂದವರು ತಾಳೆಗರಿಯ ಗುಡಿಸಲಿನಲ್ಲಿರುವ ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಹೊರಡುತ್ತಾರೆ. ಐದನೆಯ ಕುಳಿಯಲ್ಲಿ ನಿಂತರೆ ಒಂದು ಕಿವಿಗೆ ಅಲೆಯ ಸದ್ದು, ಇನ್ನೊಂದಕ್ಕೆ ಏನೂ ಇಲ್ಲ. ಅಲ್ಲಿ ನೀವು ಹುಲ್ಲಿನ ಮೇಲೆ ಕೂತು ನಿಮ್ಮ ಅಪ್ಪನ ಮಾತು ತೆಗೆದಿರಿ. ನನಗೂ ಮುಂದೆ ಹೋಗುವ ಮನಸ್ಸಾಗಲಿಲ್ಲ.

ಮೂರನೆಯ ಕುಳಿ ದಿಬ್ಬದ ಆಚೆ ಇದೆ, ಹೊಡೆಯುವವರಿಗೆ ಕಾಣುವುದಿಲ್ಲ. ಮುಂದೆ ಹೋದವರು ಆಟ ಮುಗಿಸಿ ಗಂಟೆ ಬಾರಿಸಿದ ಮೇಲೆ ಹಿಂದಿನವರು ಹೊಡೆಯಬೇಕು. ಆ ಗಂಟೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಗುಬ್ಬಿಯಲ್ಲಿ ನಮ್ಮ ಅಪ್ಪನ ಎಡಗಡೆಯ ಎತ್ತಿನ ಕೊರಳ ಗಂಟೆ ಅದು. ನೀವು ಅದನ್ನು ಕೊಂಡೊಯ್ದದ್ದು ನನಗೆ ಗೊತ್ತೇ ಇರಲಿಲ್ಲ. ಮನೆಯ ಮೇಲೆ ಬೇಜಾರಾಗಿ ಹೋದವರು ಮಾವನ ಮನೆಯ ಗಂಟೆ ಏಕೆ ಒಯ್ಯುತ್ತಾರೆ ಎಂದು ಯೋಚಿಸುತ್ತಾ ನಾಲ್ಕನೆಯ ಕುಳಿಯನ್ನು ನಾನು ಸರಿಯಾಗಿ ನೋಡಲೇ ಇಲ್ಲ.

ಈಗ ಎರಡನೆಯದು. ಇದನ್ನು ಬರೆಯದೆ ಯುಗಾದಿಗೆ ಬೇವುಬೆಲ್ಲ ತಿನ್ನಲಾರೆ.

ಭಾನುವಾರ ನಿಮ್ಮ ವರ್ಷದ ಪಂದ್ಯ. ಬೆಳಿಗ್ಗೆ ಆರು ಗಂಟೆಗೆ ನೀವೂ ಆರೋಗ್ಯಂ ಅವರೂ ಬಾವುಟ ನೆಡಲು ಆಚೆ ತುದಿಗೆ ಹೋಗಿದ್ದಿರಿ. ನಾನು ಕೋಣೆಯಿಂದ ಹೊರಗೆ ಬಂದರೆ ಎದುರಿಗೇ ಒಂಬತ್ತನೆಯ ಕುಳಿ. ಅದರ ಸುತ್ತಲಿನ ನುಣುಪು ಜಾಗಕ್ಕೆ ಗ್ರೀನ್ ಎಂದು ಹೆಸರು, ಕಂಡದ್ದು ರಾಗಿ ಕೊಯ್ದ ಹೊಲದ ಬಣ್ಣ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್ ಆಗಿದ್ದುಕೊಂಡೇ ಗೇಟಿನ ಮುಂದೆ ಆ ಹಸಿರು ಹಾಸು ಬೆಳೆಸಿದವರು ನೀವು. ಅದನ್ನು ನೋಡಿಯೇ ತಾನೇ ಈ ಮೈದಾನದವರು ನಿಮ್ಮನ್ನು ಕರೆದದ್ದು? ಇವತ್ತು ಮದುರೆಯಿಂದ ಜನ ಬಂದು ಈ ಒಣಗಿದ ಹುಲ್ಲು ನೋಡಿ ನಿಮ್ಮನ್ನು ಏನೆಂದಾರು? ಪೈಪು ಅಲ್ಲೇ ಬಿದ್ದಿತ್ತು. ಪಂಪಿನ ಸ್ವಿಚ್ಚೂ ಅಲ್ಲೇ. ತೋಟದ ಮನೆಯಲ್ಲಿ ಹುಟ್ಟಿದವಳು ನಾನು. ಕರೆಂಟು ಬಂದರೆ ಊಟದ ಎಲೆ ಬಿಟ್ಟೆದ್ದು ಮೋಟಾರು ಹಾಕಿದ ಕೈ. ಮುಕ್ಕಾಲು ಗಂಟೆ ನೀರು ಬಿಟ್ಟೆ. ಅದೂ ಸಾಲದು ಎಂಬಂತೆ ಕುಳಿಯ ಸುತ್ತ ಚಪ್ಪಲಿ ಕಾಲಿನಲ್ಲೇ ಮರಳು ಸರಿಸಿ, ತೆಂಗಿನ ಬುಡಕ್ಕೆ ಮಾಡುವ ಹಾಗೆ ಪಾತಿ ಮಾಡಿ, ನೀರು ನಿಲ್ಲಿಸಿದೆ. ಬಾವುಟದ ಕುಳಿ ತುಂಬಿ ತುಳುಕಿತು. ಸಮಾಧಾನವಾಗಿ ಒಳಗೆ ಹೋಗಿ ಕಾಫಿಗೆ ಇಟ್ಟೆ.

ಆಮೇಲೆ ನಡೆದದ್ದು ನಿಮಗೆ ಗೊತ್ತು. ಆದರೂ ನಾನು ಕಂಡದ್ದನ್ನು ಬರೆಯುತ್ತೇನೆ. ಪಂದ್ಯಕ್ಕೆ ಬಂದಿದ್ದ ಆ ಮುದುಕ ಡಾಕ್ಟರು ಎಂಟು ಕುಳಿ ಮುಗಿಯುವವರೆಗೂ ಎಲ್ಲರಿಗಿಂತ ಮುಂದಿದ್ದರು. ಒಂಬತ್ತನೆಯದಕ್ಕೆ ಅವರು ಚೆಂಡನ್ನು ದೂರದಿಂದ ನೆಲಕ್ಕೆ ಅಂಟಿಸಿದ ಹಾಗೆ ಉರುಳಿಸಿದರು. ಅದು ದಿಬ್ಬದ ಸೊಂಟ ಬಳಸಿ, ತಗ್ಗಿನಲ್ಲಿ ಇಳಿದು, ಮೇಲೆ ಹತ್ತಿ ಬಂದದ್ದು ನೋಡಿ ನನಗೇ ಖುಷಿಯಾಯಿತು. ಗ್ರೀನ್ ಮುಟ್ಟಿದ ಕೂಡಲೇ ಪಿಚಕ್ಕೆಂದು ಅಲ್ಲೇ ಕೂತಿತು. ಅವರು ಬಂದು ಬೆರಳಿನಲ್ಲಿ ನೆಲ ಒತ್ತಿದರು. ಬೆರಳು ಒಳಗೆ ಹೋಯಿತು. ಎಲ್ಲರೂ ನಿಮ್ಮ ಕಡೆ ತಿರುಗಿದರು. ನೀವು ನೆಲ ನೋಡಿದಿರಿ, ನಾನು ಮಾಡಿದ ಪಾತಿಯ ಅಂಚು ನೋಡಿದಿರಿ, ಆಮೇಲೆ, “ತಪ್ಪು ನಂದು ಸಾರ್, ವಾಲ್ವ್ ಮುಚ್ಚೋದು ಮರ್ತುಬಿಟ್ಟೆ” ಎಂದು ಮೊದಲು ಕನ್ನಡದಲ್ಲಿ, ಮತ್ತೆ ತಮಿಳಿನಲ್ಲಿ ಹೇಳಿದಿರಿ. ನಾನು ಕಾಫಿಯ ತಟ್ಟೆ ಹಿಡಿದುಕೊಂಡು ನಿಂತಿದ್ದೆ. ನಿಜ ಹೇಳುವ ಬದಲು ಕಾಫಿ ಹಂಚಲು ಹೊರಟೆ.

ಕಡಿಮೆ ಏಟಿನಲ್ಲಿ ಮುಗಿಸಿದವರು ಗೆಲ್ಲುವ ಆಟದಲ್ಲಿ ಎರಡು ಏಟು ಹೆಚ್ಚು ಹೊಡೆದು ಅವರು ಸೋತರು. ಆದರೂ ಅವರೇ ಮೊದಲು ನಕ್ಕದ್ದು. ಇಪ್ಪತ್ತೆರಡು ವರ್ಷದಿಂದ ಬರುತ್ತಿದ್ದೇನೆ, ಇಲ್ಲಿ ಕಾಲು ಒದ್ದೆಯಾದದ್ದು ಇದೇ ಮೊದಲು ಎಂದರಂತೆ. ಕಾಫಿ ತೆಗೆದುಕೊಳ್ಳುವಾಗ ನನಗೂ ಇಂಗ್ಲಿಷಿನಲ್ಲಿ ಹೇಳಿದರು: ದೊಡ್ಡ ದೊಡ್ಡ ಮೈದಾನಗಳಿಗೆ ಹೋಗಿದ್ದಾರಂತೆ, ಅಲ್ಲೆಲ್ಲ ಏನಾಗುತ್ತದೆಂದು ಮೊದಲೇ ಗೊತ್ತಿರುತ್ತದಂತೆ, ಇಲ್ಲಿ ಚೆಂಡು ಎಲ್ಲಿಗೆ ಹೋಗುತ್ತದೆಂದು ನೋಡುವುದಕ್ಕೇ ಬರುತ್ತಾರಂತೆ. ಇಷ್ಟು ಒಳ್ಳೆಯ ಜಾಗ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಎಂದು, ಕೊನೆಗೆ ಒಂದು ಮಾತು ಸೇರಿಸಿದರು: “ನಿಮ್ಮ ಯಜಮಾನರಿಗೆ ನೀರನ್ನು ಯಾವಾಗ ಕೊಡಬಾರದು ಅಂತ ಗೊತ್ತು. ಅದು ಬಹಳ ಜನಕ್ಕೆ ಗೊತ್ತಿರಲ್ಲ.” ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆ ಸಂಜೆ ಹೋಗಿ ಕೈ ಇಟ್ಟು ನೋಡಿದೆ. ಅಷ್ಟೂ ನೀರನ್ನು ಮರಳು ಕುಡಿದಿತ್ತು. ನೆಲ ಮತ್ತೆ ಗಟ್ಟಿ. ಏನೂ ಆಗಿಲ್ಲ ಎಂಬಂತಿತ್ತು. ಆಗ ನನಗಾದ ಹಗುರವನ್ನು ಹೇಗೆ ಬರೆಯಲಿ? ಅಲ್ಲೇ ಕೂತುಬಿಟ್ಟೆ. ಆರೋಗ್ಯಂ ಅವರ ಮೇಕೆಯೊಂದು ಬಂದು ನನ್ನ ಸೆರಗು ಜಗಿಯಿತು. ಜಗಿಯಲಿ ಎಂದು ಬಿಟ್ಟೆ.

ಸೋಮವಾರ ಬಸ್ಸು ಬಂದಾಗ ನೀವು ಬ್ಯಾಗು ಎತ್ತಿಕೊಡುತ್ತಾ ಕೇಳಿದಿರಿ: “ಚಪ್ಪಲಿ ಒಣಗಿದ್ವಾ?” ನಾನು ಹೂಂ ಎಂದೆ. ಬಸ್ಸು ಉಪ್ಪಿನ ಪಾತಿ ದಾಟಿದ ಮೇಲೆ ನನಗೆ ಅರ್ಥವಾಯಿತು. ನಿಮಗೆ ಮೊದಲಿನಿಂದಲೂ ಗೊತ್ತಿತ್ತು.

ಹಾಗಾದರೆ ಇನ್ನೊಂದನ್ನೂ ನೀವು ಮರೆತಿರಲಾರಿರಿ. ನೀವು ಹೊರಡುವ ಹಿಂದಿನ ದಿನ, “ನೀನೂ ಬಾ ಮಂಗಳಾ, ಒಂದು ವರ್ಷ ನೋಡೋಣ” ಎಂದಿರಿ. ನಾನು, “ಕುಣಿಗಲ್‌ನಲ್ಲಿ ಕುದುರೆಗೆ ಹುಲ್ಲು ಕೊಯ್ದ ಮನೆತನ, ಇನ್ನೆಲ್ಲಿಗೆ ಹೋದೀರಿ ಬಿಡಿ” ಎಂದೆ. ಅಲ್ಲಿನ ಕುದುರೆ ಫಾರ್ಮಿನಲ್ಲಿ ದುಡಿದಿದ್ದ ನಿಮ್ಮ ಅಪ್ಪನಿಗೆ ಕೇಳಿಸುವ ಹಾಗೆಯೇ ಅಡುಗೆಮನೆಯಿಂದ ಹೇಳಿದ್ದೆ. ನೀವು ನಮ್ಮನ್ನು ಬಿಟ್ಟು ಹೋದಿರಿ ಎಂದು ಎಲ್ಲರಿಗೂ ಹೇಳುತ್ತಾ ಬಂದೆ. ನೀವು ಕರೆದದ್ದನ್ನೂ ನಾನು ಅಂದದ್ದನ್ನೂ ರೂಪಶ್ರೀಗೂ ಹೇಳಲಿಲ್ಲ, ವಕೀಲರಿಗೂ ಹೇಳಲಿಲ್ಲ. ಮಾವನವರು ಈಗ ಇಲ್ಲ, ಅವರಲ್ಲಿ ತಪ್ಪಾಯಿತೆನ್ನಲು ಆಗುವುದಿಲ್ಲ. ನಿಮ್ಮಲ್ಲಿ ಎನ್ನುತ್ತೇನೆ. ತಪ್ಪಾಯಿತು. ಯಾವ ಹುಲ್ಲಿಗೆ ಯಾವಾಗ ಏನು ಬೇಕೆಂದು ಅವರಿಂದ ಕಲಿತದ್ದು ಎಂದು ಐದನೆಯ ಕುಳಿಯಲ್ಲಿ ನೀವು ಹೇಳಿದಾಗಲೇ ಹೇಳಬೇಕಿತ್ತು.

ಡಾಕ್ಟರ ವಿಳಾಸ ಕಳಿಸಿ. ಅವರಿಗೂ ಬರೆದು ನಿಜ ಹೇಳುತ್ತೇನೆ. ನನ್ನ ತಪ್ಪು ನಿಮ್ಮ ಹೆಸರಿನಲ್ಲಿ ಇರುವುದು ಬೇಡ.

ನಿವೃತ್ತಿಗೆ ನನಗೆ ಇನ್ನೂ ಒಂದೂವರೆ ವರ್ಷ ಇದೆ. ಅದರ ಆಚೆಗೆ ಏನು ಎಂದು ಈಗ ಬರೆಯುವುದಿಲ್ಲ, ಬರೆದರೆ ಮಾತು ಕೊಟ್ಟಂತಾಗುತ್ತದೆ. ದಸರಾ ರಜೆಗೆ ಬರುತ್ತೇನೆ. ನಾಲ್ಕನೆಯ ಕುಳಿಯನ್ನು ಇನ್ನೊಮ್ಮೆ ತೋರಿಸಬೇಕು. ಪೈಪನ್ನು ಬೇಕಾದರೆ ಬೀಗ ಹಾಕಿಡಿ.

ಇಂತಿ,
ಮಂಗಳ

ಮರೆತಿದ್ದೆ: ನಿನ್ನೆ ಗುಬ್ಬಿಗೆ ಹೋಗಿ ಅಪ್ಪನಿಗೆ ಗಂಟೆಯ ವಿಷಯ ಹೇಳಿದೆ. “ಅಯ್ಯೋ, ನಾಲ್ಕು ವರ್ಷದಿಂದ ಅಟ್ಟ ಎಲ್ಲಾ ತಡಕಾಡ್ತಾ ಇದೀನಲ್ಲಮ್ಮಾ! ಕದ್ದವ್ನು ಅಳಿಯಾನೇ ಅನ್ನು” ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ, “ಎಲ್ಲಿ ಕಟ್ಟವ್ನೆ, ಬರೆದು ತೋರ್ಸು” ಎಂದು ಹಠ ಹಿಡಿದರು. ಕೈಗೆ ಬೇರೆ ಹಾಳೆ ಸಿಗಲಿಲ್ಲ. ಬ್ಯಾಗಿನಲ್ಲಿದ್ದ ಅರ್ಜಿಯ ಹಿಂಬದಿಗಳಲ್ಲೇ ಒಂಬತ್ತೂ ಕುಳಿ, ದಿಬ್ಬ, ಗುಡಿಸಲು, ಗಂಟೆ ಎಲ್ಲವನ್ನೂ ಪೆನ್ನಿನಲ್ಲಿ ಬರೆದೆ. ಅಪ್ಪ ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದಾರೆ. ಇನ್ನು ಅದನ್ನು ಕೋರ್ಟಿಗೆ ಕೊಡಲು ಬರುವುದಿಲ್ಲ.