ಮೊಳೆಗೇ ಉಳಿದ ಬ್ರಾಕೆಟ್ ಜೋಡಿ

ಪಂಚಶೀಲಾ,

ಇದನ್ನ ಓದಿದ ಕೂಡಲೇ ಸುರಪುರದ ನಿಮ್ಮ ಅಕ್ಕಗ ಫೋನ್ ಹಚ್ಚು. ನೀ ಫೋನ್ ಚಾರ್ಜಿಗೆ ಬಿಟ್ಟು ನೀರಿಗೆ ಹೋಗಿದಿ. ಅಕ್ಕನ ನಂಬರ ಅದರಾಗ ಅದ, ಲಾಕ್ ತೆಗಿಯಾಕ ನನಗ ಬರವಲ್ದು.

ನಿನ್ನ ತಮ್ಮ ಗೌತಮ ಹುಣಸಗಿಗೆ ಅವರ ಮನಿ ಮುಂದನ ಹಾದು ಹೋಗತಾನ. ಅಕ್ಕ ರಸ್ತಿಗೆ ಬಂದು ಅವನ ಗಾಡಿ ನಿಲ್ಲಸಲಿ. ನಾ ಹತ್ತು ಸಲ ಹಚ್ಚಿದೆ, ಗಾಡಿ ಮ್ಯಾಲೆ ಇದ್ದಾಗ ಅವ ಫೋನ್ ಎತ್ತಂಗಿಲ್ಲ.

ಅವನ ಬೈಕಿಗೆ ಬ್ಯಾಗ್ ಕೂಡಸಾಕ ಎರಡು ಜೋಡಿ ಬ್ರಾಕೆಟ್ ಮಾಡಿದ್ದೆ. ಒಂದು ಜೋಡಿ ಅಳತಿ ನೋಡಾಕ ಮಾಡಿದ್ದು, ಅದಕ್ಕ ಅಲ್ಲಲ್ಲಿ ಚುಕ್ಕಿ ಇಟ್ಟಂಗ ಬರೇ ಟಾಕಾ ಹಾಕಿದ್ದೆ. ಇನ್ನೊಂದಕ್ಕ ಪೂರಾ ವೆಲ್ಡಿಂಗ್ ಮಾಡಿದ್ದೆ. ನೀ ಎರಡಕ್ಕೂ ಕರಿ ಬಣ್ಣ ಹಚ್ಚಿ ಒಣಗಾಕ ಮೊಳಿಗೆ ಹಾಕಿದ್ದಿ. ಅವಸರದಾಗ ಕೈಗೆ ಸಿಕ್ಕ ಜೋಡಿ ಬಿಗದೆ. ಗಾಡಿ ಹೋದ ಮ್ಯಾಲೆ ಮೊಳಿಗೆ ಇದ್ದದ್ದು ತಿರುವಿ ನೋಡಿದರ ಪೂರಾ ವೆಲ್ಡಿಂಗಿಂದು ಇಲ್ಲೇ ಉಳದದ.

ಟಾಕಾ ಬಿಟ್ಟರ ಬ್ಯಾಗ್ ಹಿಂದಿನ ಗಾಲ್ಯಾಗ ಸಿಗತದ.

ನಿನಗೇನೂ ಅನ್ನಂಗಿಲ್ಲ. ಒಂದು ಜೋಡಿ ಕಚ್ಚಾ ಅದ ಅಂತ ನಾನ ಹೇಳಿದ್ದಿಲ್ಲ.

ಒಲಿ ಆರಿಸೇನಿ, ಬ್ಯಾಳಿ ಇನ್ನೂ ಬೆಂದಿಲ್ಲ. ಬಾಗಲಾ ಹಂಗೇ ಬಿಟ್ಟೇನಿ. ಮಗ್ಗಲ ಮನಿಯವರ ಗಾಡಿ ಇಸಗೊಂಡು ಬೆನ್ನ ಹತ್ತೇನಿ.

ಅಕ್ಕಗ ದೂರಿಂದನ ಸಾವಕಾಶ ಕೈ ಮಾಡು ಅಂತ ಹೇಳು. ಒಮ್ಮಿಗೇ ಅಡ್ಡ ಬಂದು ಅವ ಬ್ರೇಕ್ ಹಾಕಂಗ ಮಾಡಬಾರದು. ಸುಜಾತಾ ಹಿಂದ ಕುಂತಾಳ. ಹತ್ತೋ ಮುಂದ ಗೌತಮ ಅಕಿನ್ನ ಕೇಳಿದ, ಬ್ಯಾಗ್ ಗಟ್ಟಿ ಕುಂತಾವೇನವಾ ಅಂತ. "ನಮ್ಮಪ್ಪ ಮಾಡ್ಯಾನ ಮಾಮಾ, ನಡಿ" ಅಂದ್ಳು.